ಅಪ್ಪಾರ ಮೂತ್ರದಾಗ ನಾಕು ಪ್ಲಸ್, ಬೆರಳ ರಕ್ತದಾಗ 142: ಯಾವದನ್ನ ನಂಬೂದ್ರಿ?

ಕುಂದಗೋಳದವ · ಬುಧವಾರ, ಮುಂಜಾನೆ 8:40
ಎಲ್ಲಾರಿಗೂ ನಮಸ್ಕಾರ್ರಿ. 'ಡಾಕ್ಟರ್ ಕಡೆ ಹೋಗ್ರಿ' ಅಂತಷ್ಟ ಬರ್ಯಾವ್ರು ಬರೀಬ್ಯಾಡ್ರಿ, ಹೊಂಟೀನಿ, ಶುಕ್ರವಾರ ನಂಬರ್ ಹಚ್ಚೀನಿ. ಅಲ್ಲೀತನಕ ಮನ್ಯಾಗಿನ ಜಗಳ ಬಗಿಹರೀಬೇಕು.

ಅಪ್ಪಾಗ 71. ಸಕ್ರಿ ಬಂದು 22 ವರ್ಷ ಆತು. ಅವರದು ಒಂದ ಪದ್ಧತಿ. ನಸುಕಿನ್ಯಾಗ ಎದ್ದು ಒಂದಕ್ಕ ಹೋಗೂದು, ಮೂತ್ರದಾಗ ಸಕ್ರಿ ತೋರಸೂ ಪಟ್ಟಿ ಅದ್ದೂದು, ಬಾಟ್ಲಿ ಮ್ಯಾಗಿನ ಬಣ್ಣದ ಜೋಡಿ ಹಿಡದು ನೋಡೂದು, ಕ್ಯಾಲೆಂಡರ್ ಮ್ಯಾಲೆ 'ನಿಲ್', ಅಂದ್ರ ಸಕ್ರಿ ಇಲ್ಲ, ಅಂತ ಬರಿಯೂದು. ಪಟ್ಟಿ ರೂಢಿ ಆಗೂಕಿಂತ ಮುಂಚೆ ಪ್ರನಾಳದಾಗ ಬೆನೆಡಿಕ್ಟ್ ಅನ್ನೂ ನೀಲಿ ನೀರಿನ ಜೋಡಿ ಮೂತ್ರ ಕಾಸಿ ನೋಡ್ತಿದ್ರು. ಆ ಪ್ರನಾಳ ಅಡಿಗಿಮನಿ ಹೊಚ್ಚಲ ದಾಟಿದ್ರ ಅವ್ವ ಅವತ್ತ ಒಲಿ ಹಚ್ಚತಿದ್ದಿಲ್ಲ.

ಎರಡು ತಿಂಗಳ ಹಿಂದ ಅಂಗಾಲು ಉರೀತಾವ ಅಂದ್ರು. ಹುಬ್ಬಳ್ಳಿಗೆ ಕರಕೊಂಡು ಹೋದೆ. ಖಾಲಿ ಹೊಟ್ಟಿಗೆ 158, ಊಟ ಆದ ಮ್ಯಾಲೆ 246, ಮೂರು ತಿಂಗಳ ಲೆಕ್ಕ ಹೇಳೂ ಎಚ್‌ಬಿಎ1ಸಿ 8.4. ಅಪ್ಪ ರಿಪೋರ್ಟ್ ನೋಡಿ 'ಇದು ಬ್ಯಾರೆ ಯಾರದೋ ರಕ್ತ' ಅಂದ್ರು. ಡಾಕ್ಟರ್ ಇದ್ದ ಗುಳಗಿ ಜೋಡಿ ಹೊಸಾದೊಂದು ಕೂಡಿಸಿದ್ರು. ನಾನು ಮನಿಗೆ ಗ್ಲುಕೋಮೀಟರ್ ತಂದೆ.

ಈಗ ಬೆರಳ ಚುಚ್ಚಿದ್ರ 130, 135, ನಿನ್ನೆ 142. ಚಲೋ ಅಂತ ನಾ ಖುಷಿ. ಆದ್ರ ಪಟ್ಟಿ? ಇಷ್ಟು ವರ್ಷ 'ನಿಲ್' ಇದ್ದದ್ದು ಈಗ ದಿನಾ ಕಡೀ ಬಣ್ಣ, ನಾಕು ಪ್ಲಸ್! ಅಪ್ಪ ಸೋಮವಾರದಿಂದ ಆ ಗುಳಗಿ ಬಿಟ್ಟಾರ. 'ಈ ಗುಳಗಿನ ಸಕ್ರಿ ತಂತು, ಮಷಿನ್ ಖೊಟ್ಟಿ' ಅನ್ನೂದು ಅವರ ವಾದ. ಖರೇ ಹೇಳಬೇಕಂದ್ರ ನನಗೂ ತಲಿ ಕೆಟ್ಟದ.

ಗಿರ್ಮಿಟ್_ಗಿರಾಕಿ
ಮಷಿನ್ ನಂಬ್ರಿ. ಮುಗೀತು.

ನವಲಗುಂದ_ಕರಿಮಣ್ಣು
ಮುಗ್ಯಾಕ ಇದೇನು ಕುಸ್ತಿ ಏನ್ರಿ? ನಮ್ಮಜ್ಜ 84 ವರ್ಷ ಬಾಳಿದ, ಒಂದ ದಿನಾನೂ ಬೆರಳ ಚುಚ್ಚಿಕೊಳ್ಳಲಿಲ್ಲ. ಮೂತ್ರದ್ದ ಟೆಸ್ಟು. ಈ ಮಷಿನ್ ವ್ಯಾಪಾರ ಹೆಂಗಂದ್ರ ಚಿಮಣಿ ಅಗ್ಗ, ಎಣ್ಣಿ ತುಟ್ಟಿ. ಮಷಿನ್ ಪಟ್ಟಿಗೆ 20 ರೂಪಾಯಿ ಹಿಡೀರಿ, ದಿನಕ್ಕ ಎರಡಂದ್ರ ತಿಂಗಳಿಗೆ 1,200. ಕಡ್ಲಿ ರೇಟ್ ಬಿದ್ದ ವರ್ಷ ಯಾವ ರೈತ ಕೊಡ್ತಾನ? ಮೂತ್ರದ ಪಟ್ಟಿ ಉದ್ದಕ ಸೀಳಿ ಒಂದರಾಗ ಎರಡು ಮಾಡಬಹುದು. ನೋವಿಲ್ಲ, ರಕ್ತ ಇಲ್ಲ.

ಗದಗ_ಹಳೇ_ಲ್ಯಾಬ್
ಕುಂದಗೋಳದವ್ರ, ಬ್ಯಾರೆ ಏನೂ ಬ್ಯಾಡ, ಆ ಹೊಸಾ ಗುಳಗಿ ಹೆಸರ ಹೇಳ್ರಿ. 'ಡಾಪಾ' ಇಲ್ಲಾ 'ಎಂಪಾ' ಅಂತ ಎಲ್ಯರ ಬರದದ ಏನು? ಹೌದಾದ್ರ ನಿಮ್ಮ ಜಗಳ ಎರಡು ನಿಮಿಷದಾಗ ಬಗಿಹರೀತದ.

ಕುಂದಗೋಳದವ
ಚೀಟಿ, ಗುಳಗಿ ಎರಡೂ ಅಪ್ಪಾರ ಟ್ರಂಕಿನ್ಯಾಗ ಅದಾವ್ರಿ. ಕೀಲಿ ಅವರ ಉಡದಾರಕ್ಕ. ಮಧ್ಯಾಹ್ನ ಮಲಕೊಂಡಾಗ ನೋಡ್ತೀನಿ.

ಗಿರ್ಮಿಟ್_ಗಿರಾಕಿ
😂😂 ಎಲ್ಲಾರ ಮನ್ಯಾಗೂ ಒಬ್ಬ ಅಪ್ಪ ಹಿಂಗ ಇರತಾನ.

ರಾಣೆಬೆನ್ನೂರ_ಸೊಸಿ
ಕರಿಮಣ್ಣು ಅಣ್ಣಾರ, ನಿಮ್ಮ ಅಜ್ಜಾರು ನೂರು ವರ್ಷ ಬಾಳಲಿ ಅಂತಿದ್ದೆ, ಆದ್ರ ನಮ್ಮ ಮನ್ಯಾಗ ಆದದ್ದು ಕೇಳ್ರಿ.

ನಮ್ಮ ಅತ್ತಿಗೆ ಸಕ್ರಿ ಇಳಸೂ ಗ್ಲಿಮೆಪಿರೈಡ್ ಗುಳಗಿ ಇತ್ತು. ಹಿಂದಿನ ರಾತ್ರಿ ಮದುವಿ ಮನ್ಯಾಗ ಹೋಳಿಗಿ, ಮ್ಯಾಲೆ ತುಪ್ಪ. ಮರುದಿವಸ ಏಕಾದಶಿ, ಉಪವಾಸ. ಗುಳಗಿ ಮಾತ್ರ ತಪ್ಪಿಸಲಿಲ್ಲ. ಹನ್ನೊಂದರ ಸುಮಾರಿಗೆ ಮೈಯೆಲ್ಲಾ ಬೆವರು, ಕೈ ನಡುಕ, ಮಾತು ತೊದಲು. ಮಾವನೋರು ಮೂತ್ರ ಹಿಡದು ನೋಡಿದ್ರು, ಸಕ್ರಿ ಐತಿ ಅಂತ ಬಂತು. 'ಏರೇತಿ, ಇನ್ನರ್ಧ ಗುಳಗಿ ಕೊಡ್ರಿ' ಅಂದ್ರು! ಓಣ್ಯಾಗ ನರ್ಸಿಂಗ್ ಓದೂ ಹುಡುಗಿ ಒಬ್ಬಾಕಿ ಇದ್ಲು, ಮಷಿನ್ ತಂದು ಚುಚ್ಚಿದ್ಲು: 52. ಗುಳಗಿ ಹಿಡಕೊಂಡ ಕೈಯಾಗ ಸಕ್ರಿ ನೀರಿನ ಗ್ಲಾಸ್ ಹಿಡಿಸಿದ್ಲು. ಮೂರು ಚಮಚ ಸಕ್ರಿ, ಹದಿನೈದು ನಿಮಿಷ ಬಿಟ್ಟು ಮತ್ತ ಚುಚ್ಚಿದ್ರ 81.

ಆಕಿ ಹೇಳಿದ ಮೇಲೆ ತಿಳೀತು. ಮೂತ್ರದ ಚೀಲದಾಗ ಇದ್ದದ್ದು ರಾತ್ರಿ ಹೋಳಿಗಿ. ರಕ್ತದಾಗ ಇದ್ದದ್ದು ಈಗಿನ ಉಪವಾಸ. ಆ ಅರ್ಧ ಗುಳಗಿ ನುಂಗಿದ್ರ ಅತ್ತಿ ನಮಗ ಸಿಗತಿದ್ದಿಲ್ಲೇನೋ.

ನವಲಗುಂದ_ಕರಿಮಣ್ಣು
ಉಪವಾಸದ ದಿನ ಗುಳಗಿ ತಗೊಂಡದ್ದು ತಪ್ಪು. ಮೂತ್ರದ ತಪ್ಪಲ್ಲ.

ರಾಣೆಬೆನ್ನೂರ_ಸೊಸಿ
ಗುಳಗಿ ತಗೊಂಡದ್ದು ತಪ್ಪ, ಒಪ್ಪಿದೆ. ಆದ್ರ ಸಕ್ರಿ ಇಳದದ ಅಂತ ಮೂತ್ರ ಎಂದರ ಹೇಳ್ತದ ಏನ್ರಿ? 50 ಇದ್ರೂ 'ನಿಲ್', 110 ಇದ್ರೂ 'ನಿಲ್', 170 ಇದ್ರೂ 'ನಿಲ್'.

ಗದಗ_ಹಳೇ_ಲ್ಯಾಬ್
ಸೊಸಿಯವ್ರು ಹೇಳಿದ ಕಡೀ ಸಾಲು ನಾನು ಮೂವತ್ತು ವರ್ಷ ಮಂದಿಗೆ ಹೇಳಿ ಹೇಳಿ ಸೋತ ಸಾಲು.

ಡಂಬಳದ ಕೆರಿ ನೋಡೀರೇನು? ಕೋಡಿ ಬಿದ್ದಾಗಷ್ಟ ನೀರು ಹೊರಗ ಬರ್ತದ. ಕೋಡಿ ಹರದಿಲ್ಲ ಅಂದ್ರ ಕೆರಿ ಒಣಗೇತಿ ಅಂತಲ್ಲ, ಗೇಣು ತಗ್ಗ ಇದ್ದರೂ ಹರಿಯೂದಿಲ್ಲ, ತಳ ಕಂಡರೂ ಹರಿಯೂದಿಲ್ಲ. ನಮ್ಮ ಕಿಡ್ನಿ ದಿನಕ್ಕ ಸುಮಾರು 180 ಲೀಟರ್ ಸೋಸ್ತಾವ, ಅದರಾಗಿನ ಸಕ್ರಿ ಎಲ್ಲಾ ಹಿಂದಕ್ಕ ಎಳಕೊಂಡು ರಕ್ತಕ್ಕ ಕೊಡ್ತಾವ. ರಕ್ತದಾಗ ಸಕ್ರಿ 180ರ ಸುಮಾರು ದಾಟಿದ ಮ್ಯಾಲೆ ಎಳಕೊಳ್ಳಾಕ ಆಗೂದಿಲ್ಲ, ಹೆಚ್ಚಾದದ್ದು ಮೂತ್ರಕ್ಕ ಬೀಳ್ತದ. ಅದ ಕೋಡಿ. ವಯಸ್ಸಾದವ್ರಿಗೆ, ಹಳೇ ಸಕ್ರಿ ಇದ್ದವ್ರಿಗೆ ಈ ಕೋಡಿ ಇನ್ನೂ ಎತ್ತರ ಆಗಬಹುದು. 200 ದಾಟಿದ್ರೂ ಪಟ್ಟಿ 'ನಿಲ್' ಅಂದದ್ದು ನಾನ ಎಷ್ಟೋ ಸಲ ನೋಡೀನಿ.

ಈಗ ಕುಂದಗೋಳದ ಹಿರಿಯಾರ ಲೆಕ್ಕ ಹಾಕ್ರಿ. ಅವರು ನೋಡೂದು ನಸುಕಿನ್ಯಾಗ. ಆ ಹೊತ್ತಿನ ರಕ್ತ 158, ಕೋಡಿಕಿಂತ ಕೆಳಗ. 'ನಿಲ್' ಬರೂದ ಬರೋಬ್ಬರಿ. ಊಟ ಆದ ಮ್ಯಾಲೆ 246 ಇತ್ತಲ್ಲ, ಆವಾಗ ಅವರು ಎಂದೂ ಪಟ್ಟಿ ಅದ್ದಿಲ್ಲ. 8.4 ಅಂದ್ರ ಸರಾಸರಿ 194ರ ಆಸುಪಾಸು. ರಿಪೋರ್ಟ್ ಅವರದ ರಕ್ತದ್ದು, ಹೇಳ್ರಿ ಅವರಿಗೆ.

ಬ್ಯಾಡಗಿ_ಘಾಟು
ಕೆರಿ ಉದಾಹರಣಿ ಭಾರಿ. ಆದ್ರ ಸರ್, ಹಂಗಾರ ಮೂತ್ರ ನೋಡೂದ ದಂಡ ಅಂತೀರಿ?

ಗದಗ_ಹಳೇ_ಲ್ಯಾಬ್
ದಂಡ ಅನ್ನೂದಿಲ್ಲ. ನನ್ನ ಕೈಗೆ ಉಣ್ಣಾಕ ಕೊಟ್ಟಿದ್ದ ಅದು. ನಾ ಕೆಲಸಕ್ಕ ಸೇರಿದಾಗ ನಮ್ಮ ಟೇಬಲ್ ಮ್ಯಾಲೆ ಇದ್ದದ್ದು ಸ್ಪಿರಿಟ್ ದೀಪ, ಕಟಿಗಿ ಚಿಮುಟ, ನೀಲಿ ಬಾಟ್ಲಿ. ಬೆನೆಡಿಕ್ಟ್ ದ್ರಾವಣ 5 ಮಿಲಿ, ಮೂತ್ರ 8 ಹನಿ, ಎರಡು ನಿಮಿಷ ಕುದಸೂದು. ನೀಲಿ ಉಳದ್ರ ಇಲ್ಲ, ಹಸರು ಆದ್ರ ಸ್ವಲ್ಪ, ಹಳದಿ, ಕಿತ್ತಳಿ, ಕಡಿಗೆ ಇಟ್ಟಂಗಿ ಕೆಂಪು ಅಂದ್ರ ಶೇಕಡಾ 2 ಇಲ್ಲಾ ಅದಕ್ಕೂ ಹೆಚ್ಚು. ಪ್ರನಾಳದ ಬಾಯಿ ಮಂದಿ ಕಡೆ ಮಾಡಿ ಕುದಿಸಿದ್ರ ಸೀನಿಯರ್ ಬೆನ್ನಿಗೆ ಗುದ್ದತಿದ್ರು, ಉಕ್ಕಿ ಹಾರ್ತದಲ್ಲ.

ಸ್ಟ್ಯಾನ್ಲಿ ಬೆನೆಡಿಕ್ಟ್ ಅನ್ನೂ ಅಮೆರಿಕದ ರಸಾಯನ ವಿಜ್ಞಾನಿ 1908ರ ಸುಮಾರಿಗೆ ಮಾಡಿದ್ದದು. ಮೈಲುತುತ್ತದ ತಾಮ್ರ ಸಕ್ರಿ ಜೋಡಿ ಕೂಡಿ ಕೆಂಪಾಗ್ತದ, ಅಷ್ಟ. ಆದ್ರ ಅದಕ್ಕ ಗ್ಲೂಕೋಸೂ ಒಂದ, ಹಾಲಿನ ಸಕ್ರಿನೂ ಒಂದ. ಎಳೆ ಬಾಣಂತಿ ಮೂತ್ರ ಕಾಸಿದ್ರ ಸುಳ್ಳ ಸುಳ್ಳ ಹಸರು ಹಳದಿ ಬರ್ತಿತ್ತು. ವಿಟಮಿನ್ ಸಿ ಗುಳಗಿ ತಿಂದಾಂವ ಬಂದ್ರ ಬೆನೆಡಿಕ್ಟ್ ಇಲ್ಲದ ಸಕ್ರಿ ತೋರಸ್ತದ, ಪಟ್ಟಿ ಇದ್ದ ಸಕ್ರಿನ ಮುಚ್ಚತದ. ಒಬ್ಬಂದ ಮೂತ್ರ, ಎರಡು ಸುಳ್ಳು.

ರಕ್ತ ಹಚ್ಚಿ ನೋಡೂ ಪಟ್ಟಿ 1965ರಾಗ ಬಂತು, ಡೆಕ್ಸ್ಟ್ರೋಸ್ಟಿಕ್ಸ್ ಅಂತ. ಅದು ಮನಿ ಮನಿಗೆ ಬರೂದರಾಗ ದಶಕಗಳ ಹೋದ್ವು. ಅಲ್ಲೀತನಕ ಮೂತ್ರನ ಗತಿ ಇತ್ತು, ಅದಕ್ಕ ಹಿರ್ಯಾರು ಅದನ್ನ ನಂಬ್ಯಾರ. ಅವರ ತಪ್ಪಲ್ಲ.

ಸಾಧನಕೇರಿ_ಮಳಿ
ಇರುವಿ ಕಥಿ ಯಾರೂ ಹೇಳಲಿಲ್ಲಲ್ಲ! ನಮ್ಮಮ್ಮ ಬಚ್ಚಲದಾಗ ಇರುವಿ ಮುತ್ತಿದ್ರ 'ಯಾರಿಗೋ ಸಕ್ರಿ ಐತಿ' ಅಂತ ಮನಿ ಮಂದಿನ್ನೆಲ್ಲಾ ಸಾಲಾಗಿ ನಿಲ್ಲಸ್ತಿದ್ಲು. ಒಮ್ಮೆ ಹಿಡದದ್ದು ಯಾರು ಗೊತ್ತೇನು? ಬೆಲ್ಲದ ನೀರು ಚೆಲ್ಲಿದ ನನ್ನ ತಮ್ಮ.

ಮುಂಡರಗಿ_ಮಾಸ್ತರ
ಮಧುಮೇಹ ಅನ್ನೂ ಹೆಸರ ಹೇಳ್ತದಲ್ರಿ, ಜೇನಿನಂಥ ಮೂತ್ರ. ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಅನ್ನೂ ವೈದ್ಯ 1776ರಾಗ ಮೂತ್ರ ಕಾಸಿ ಆರಿಸಿ, ತಳಕ್ಕ ಉಳದದ್ದು ಸಕ್ರಿನ ಅಂತ ತೋರಿಸಿದ. ರಕ್ತಾನೂ ಸಿಹಿ ಅದ ಅಂತ ಆಗಲೇ ಗುರ್ತಿಸಿದ್ದ. ಅಂದ್ರ ಈ ಮೂತ್ರ-ರಕ್ತದ ವಾದಕ್ಕ ಎರಡೂವರಿ ನೂರು ವರ್ಷ ಆತು. ನಾವು ಶುಕ್ರವಾರದೊಳಗ ಮುಗಸಬೇಕಂತೀವಿ.

ಬೇವಿನ_ಬಲ
ಇವೆಲ್ಲಾ ಬ್ಯಾಡ. ಮುಂಜಾನೆ ಒಂದು ಮುಷ್ಟಿ (ಮುಂದಿನ ಭಾಗ ತೆಗೆಯಲಾಗಿದೆ)

ನಿರ್ವಾಹಕ
ಔಷಧ ಬಿಡಿಸುವ ಸಲಹೆ, ಫೋನ್ ನಂಬರ್ ಇರುವ ಜಾಹೀರಾತು ಇಲ್ಲಿ ಹಾಕಬೇಡಿ. ಇದು ಎರಡನೇ ಎಚ್ಚರಿಕೆ.

ಗಿರ್ಮಿಟ್_ಗಿರಾಕಿ
ಬೇವು ಕಹಿ, ನಿರ್ವಾಹಕರು ಅದಕ್ಕಿಂತ ಕಹಿ.

ಮೈಸೂರಿಂದ_ಬಂದೋಳು
ನಾನು ಧಾರವಾಡಕ್ಕೆ ಬಂದು ಆರು ವರ್ಷ, ಈ ಭಾಷೇಲಿ ಬರೆಯೋಕೆ ಹೋದ್ರೆ ನಗ್ತೀರಾ, ಅದಕ್ಕೆ ನನ್ನ ಭಾಷೇಲೇ ಬರೀತೀನಿ. ನಂಗೆ ಉಲ್ಟಾ ಆಗಿತ್ತು. ಏಳನೇ ತಿಂಗಳಲ್ಲಿ ಮೂತ್ರದಲ್ಲಿ ಶುಗರ್ ಎರಡು ಪ್ಲಸ್ ಬಂತು. ಅತ್ತೆ ಮಾವಿನಹಣ್ಣಿನ ಬುಟ್ಟೀನೇ ಬಚ್ಚಿಟ್ರು. ಡಾಕ್ಟರು ಗ್ಲೂಕೋಸ್ ಕುಡಿಸಿ ರಕ್ತ ನೋಡಿದ್ರೆ ಎಲ್ಲಾ ನಾರ್ಮಲ್. ಬಸುರಿಯಲ್ಲಿ ಕಿಡ್ನಿಗೆ ರಕ್ತ ಜಾಸ್ತಿ ಹರಿಯುತ್ತೆ, ಅದಕ್ಕೆ ಸಕ್ಕರೆ ಪೂರ್ತಿ ವಾಪಸ್ ಎಳ್ಕೊಳ್ಳೋಕೆ ಆಗಲ್ಲ, ರಕ್ತ ಸರಿಯಿದ್ರೂ ಮೂತ್ರದಲ್ಲಿ ಕಾಣಬಹುದು ಅಂದ್ರು. ಲ್ಯಾಬ್ ಸರ್ ಭಾಷೇಲಿ, ನನ್ನ ಕೆರೆ ಕೋಡಿ ತಗ್ಗಾಗಿತ್ತು.

ರಾಣೆಬೆನ್ನೂರ_ಸೊಸಿ
ಮಾವಿನಹಣ್ಣ ವಾಪಸ್ ಬಂತೇನ್ರಿ ಅಕ್ಕಾರ?

ಮೈಸೂರಿಂದ_ಬಂದೋಳು
ಬುಟ್ಟಿ ಬಂತು, ಹಣ್ಣು ಬರಲಿಲ್ಲ. ಮಾವನವರು ತಿಂದು ಮುಗಿಸಿದ್ರು. ಅವರಿಗೂ ಶುಗರ್ ಇದೆ 🙂

ಕುಂದಗೋಳದವ · ಬುಧವಾರ, ಮಧ್ಯಾಹ್ನ 2:25
ಕೀಲಿ ಸಿಕ್ತು! ಬರಕೊಂಡೀನಿ: ಮೆಟ್‌ಫಾರ್ಮಿನ್ ಮೊದಲಿಂದ ಇತ್ತು. ಹೊಸಾದು ಡಾಪಾಗ್ಲಿಫ್ಲೋಜಿನ್ 10. ಲ್ಯಾಬ್ ಸರ್, ನೀವು ಹೇಳಿದ 'ಡಾಪಾ' ಇದ ಏನ್ರಿ?

ಗದಗ_ಹಳೇ_ಲ್ಯಾಬ್
ಅದ ರೀ. ಔಷಧದ ವಿಷಯ ನನಗಿಂತ ಚಲೋ ಹೇಳೂ ಒಬ್ಬಾಕಿ ಇಲ್ಲೆ ಅದಾಳ. ಲಕ್ಷ್ಮೇಶ್ವರದ ತಂಗಿ ಎಲ್ಲಿದೀರಿ?

ಲಕ್ಷ್ಮೇಶ್ವರ_ಔಷಧಂಗಡಿ
ಬಂದೆ ಕಾಕಾ, ಗಿರಾಕಿ ಇದ್ರು.

ಕುಂದಗೋಳದ ಅಣ್ಣಾರ, ಈ ಗುಳಗಿ ಕೆಲಸಾನ ಮೂತ್ರದೊಳಗ ಸಕ್ರಿ ಹೊರಗ ಹಾಕೂದು. ಕಿಡ್ನಿಯೊಳಗ ಸಕ್ರಿ ಹಿಂದಕ್ಕ ಎಳಕೊಳ್ಳೂ ಬಾಗಿಲ ಇರತಾವಲ್ಲ, ಅವನ್ನ ಮುಚ್ಚತದ. ಕಾಕಾ ಹೇಳಿದ ಕೆರಿ ತಗೊಂಡ್ರ, ಕೋಡಿ ಕಟ್ಟಿ ಒಡದು ತಗ್ಗ ಮಾಡಿದಂಗ. ಕೆರಿ ತುಂಬಿರಲಿ ಬಿಡಲಿ ನೀರು ಹೊರಗ ಹರೀತನ ಇರತದ. ದಿನಕ್ಕ ಸುಮಾರು 70 ಗ್ರಾಂ ತನಕ ಹೋಗಬಹುದು, ಚಹಾ ಚಮಚದ ಲೆಕ್ಕಕ್ಕ ಹದಿನಾಕು. ಹಂಗಾಗಿ ಇದನ್ನ ತಗೊಳ್ಳಾವ್ರಿಗೆ ಪಟ್ಟಿ ಮೂರು ನಾಕು ಪ್ಲಸ್ ಬರೂದ ಸಹಜ. ರಕ್ತದಾಗ 110 ಇದ್ರೂ ಬರತದ. ಈ ಗುಳಗಿ ಮ್ಯಾಲಿದ್ದವ್ರು ಮೂತ್ರದ ಪಟ್ಟಿಲೆ ಸಕ್ರಿ ಅಳಿಯೂದಂದ್ರ ಮಳಿ ಬರಾಕತ್ತಾಗ ಅಂಗಳಕ್ಕ ನೀರು ಹೊಡದವ್ರು ಯಾರು ಅಂತ ಹುಡಕಿದಂಗ.

ಮೊದಲ ಇದು ಭಾಳ ತುಟ್ಟಿ ಇತ್ತು. 2020ರಾಗ ಪೇಟೆಂಟ್ ಮುಗದ ಮ್ಯಾಲೆ ಕಂಪನಿ ಮ್ಯಾಲೆ ಕಂಪನಿ ಮಾಡಾಕ ಹತ್ತಿದ್ವು, ಕಿಮ್ಮತ್ತು ಇಳೀತು. ಅದಕ್ಕ ಈಗ ಹಳ್ಳಿ ಚೀಟಿಯೊಳಗೂ ಕಾಣ್ತದ. ಆದ್ರ 'ಮೂತ್ರದಾಗ ಸಕ್ರಿ ಬರತದ, ಅಂಜಬ್ಯಾಡ್ರಿ' ಅನ್ನೂ ಒಂದು ಮಾತು ಬರಿಯೂ ಮುಂದ ಯಾರೂ ಹೇಳೂದಿಲ್ಲ. ನನ್ನ ಅಂಗಡಿಗೇ ಈ ವರ್ಷ ಮೂರು ಮಂದಿ ಹಿಂಗ ಪಟ್ಟಿ ಹಿಡಕೊಂಡು ಅಂಜಿ ಬಂದಾರ.

ಕುಂದಗೋಳದವ
ಅಯ್ಯೋ ನಮ್ಮಪ್ಪಾ! ಅಂದ್ರ 130–142 ಖರೇ, ನಾಕು ಪ್ಲಸ್ಸೂ ಖರೇ. ಇಬ್ಬರೂ ಸುಳ್ಳ ಹೇಳಿಲ್ಲ. ಇಷ್ಟು ದಿನ ಜಗಳಾಡಿದ್ದು ಯಾಕ?

ನವಲಗುಂದ_ಕರಿಮಣ್ಣು
ಇದು ಗೊತ್ತಿರಲಿಲ್ಲ, ಒಪ್ಪಿದೆ. ಆದ್ರ ಒಂದು ಕೇಳ್ತೀನಿ. ದಿನಾ ಹದಿನಾಕು ಚಮಚ ಸಕ್ರಿ ಕಿಡ್ನಿ ಮೂಲಕ ತಳ್ಳಿದ್ರ ಕಿಡ್ನಿ ಉಳೀತಾವೇನು? ನಾಲೆದಾಗ ಹೂಳು ತುಂಬಿದಂಗ ಆಗೂದಿಲ್ಲೇನು?

ಲಕ್ಷ್ಮೇಶ್ವರ_ಔಷಧಂಗಡಿ
ಎಲ್ಲಾರೂ ಕೇಳೂ ಪ್ರಶ್ನಿ ರೀ. ಕಿಡ್ನಿ ಕಾಯಿಲೆ, ಹೃದಯದ ವೈಫಲ್ಯ ಇದ್ದವ್ರಿಗೆ ಸಕ್ರಿ ಇಲ್ಲದಿದ್ರೂ ಈಗ ಇದ ಗುಳಗಿ ಬರೀತಾರ, ಅವನ್ನ ಕಾಯತದ ಅಂತ. ಹೂಳು ಕಟ್ಟೂದಿಲ್ಲ, ಸಕ್ರಿ ನೀರಿನ್ಯಾಗ ಕರಗಿ ಹೋಗ್ತದ. ಆದ್ರ ಎಲ್ಲಾರಿಗೂ ಆಗಿ ಬರೂದಲ್ಲ, ಕಿಡ್ನಿ ಹೆಂಗ ಅದಾವ ಅಂತ ಹೇಳೂ ಕ್ರಿಯಾಟಿನಿನ್ ರಕ್ತ ಪರೀಕ್ಷಾ ನೋಡಿ ಕೊಡ್ತಾರ.

ತ್ರಾಸ ಬ್ಯಾರೆ ಅದಾವ, ಅವನ್ನ ನಾಚಿಕಿ ಬಿಟ್ಟು ಹೇಳಬೇಕು. ಸಕ್ರಿ ಮೂತ್ರ ಹತ್ತಿ ಹತ್ತಿ ಆ ಜಾಗಾದಾಗ ಬೂಸಿನ ತುರಿಕಿ ಬರಬಹುದು, ಗಂಡಸ್ರಿಗೂ ಹೆಂಗಸ್ರಿಗೂ. ಒಂದಕ್ಕ ಹೋದ ಮ್ಯಾಲೆ ನೀರಿಲೆ ತೊಳಕೋಬೇಕು. ನೀರು ಚಲೋ ಕುಡೀಬೇಕು. ವಾಂತಿ ಭೇದಿ ಹತ್ತಿದಾಗ, ಕಡಕ ಉಪವಾಸ ಮಾಡೂ ಮುಂದ, ಆಪರೇಶನ್ ಮುಂಚೆ ಡಾಕ್ಟರ್‌ನ್ನ ಕೇಳಿ ನಿಲ್ಲಸಬೇಕು. ಯಾಕಂದ್ರ ರಕ್ತದ ಸಕ್ರಿ ಭಾಳ ಏರದನ ಕೀಟೋನ್ (ಮೈಯಾಗಿನ ಕೊಬ್ಬು ಕರಗಿ ಹುಟ್ಟೂ ಹುಳಿ ಪದಾರ್ಥ) ಏರೂ ಅಪಾಯ ಇದರಾಗ ಅದ. ಆವಾಗ ಮಷಿನ್ 170 ತೋರಿಸಿದ್ರೂ ಮನಿಷ್ಯಾ ಉಸರು ಜೋರಾಗಿ ಬಿಡತಿರತಾನ, ವಾಂತಿ ಮಾಡ್ಕೋತಾನ. ಆ ಹೊತ್ತಿಗೆ ಮನ್ಯಾಗ ಲೆಕ್ಕ ಹಾಕ್ಕೋತ ಕೂಡಬಾರದು, ಸೀದಾ ದವಾಖಾನಿ.

ಬ್ಯಾಡಗಿ_ಘಾಟು
ಹಂಗಾರ ಮಷಿನ್ನೂ ಪೂರ್ತಿ ಸತ್ಯ ಹೇಳೂದಿಲ್ಲ. ಕರಿಮಣ್ಣು ಅಣ್ಣಾಗ ಒಂದು ಪಾಯಿಂಟ್.

ಎರಡು_ಮಷಿನ್_ಮಾಲಕ
ಮಷಿನ್ ಬಗ್ಗೆ ನನ್ನ ಕೇಳ್ರಿ. ಒಂದು ನಾ ತಂದದ್ದು, ಒಂದು ಅಳಿಯ ಕೊಟ್ಟದ್ದು. ಒಂದ ಬೆರಳು, ಒಂದ ನಿಮಿಷ: 162, 178. ಅಳಿಯನ ಮಷಿನ್ ಸುಳ್ಳ ಹೇಳ್ತದ ಅಂದೆ. ಮಗಳು ಮೂರು ದಿನ ಮಾತಾಡಲಿಲ್ಲ.

ಗದಗ_ಹಳೇ_ಲ್ಯಾಬ್
ಮಗಳ ಕ್ಷಮಾ ಕೇಳ್ರಿ. ಮನಿ ಮಷಿನ್ನಿಗೆ 100ಕ್ಕ ಮ್ಯಾಲೆ ಶೇಕಡಾ 15, ಕೆಳಗ ಇದ್ರ 15 ಅಂಕಿ ಆಕಡೆ ಈಕಡೆ ನಡೀತದ ಅಂತ ಐಎಸ್ಒ ಅನ್ನೂ ಅಂತರರಾಷ್ಟ್ರೀಯ ಮಾನದಂಡಾನ ಹೇಳ್ತದ. ಲ್ಯಾಬಿನ 160 ಮಷಿನ್ನಾಗ 136 ಆಗಬಹುದು, 184 ಆಗಬಹುದು. 162, 178 ಎರಡೂ ಪಾಸ್. ಊಟ ಆದ ಮ್ಯಾಲೆ ಬೆರಳಿನ ರಕ್ತದಾಗ ಮೊಣಕೈ ನರಕ್ಕಿಂತ ಸಕ್ರಿ ಸ್ವಲ್ಪ ಹೆಚ್ಚ ಇರತದ, ಅದಕ್ಕೂ ಲ್ಯಾಬಿನ ಅಂಕಿಗೆ ಹೊಂದೂದಿಲ್ಲ. ಮೈಯಾಗ ರಕ್ತ ಕಡಿಮಿ ಇದ್ದವ್ರಿಗೂ ಮಷಿನ್ ಸ್ವಲ್ಪ ಏರಿಸಿ ಹೇಳಬಹುದು.

ನಾ ಮಷಿನ್ ಭಕ್ತ ಅಲ್ಲ. ಮಷಿನ್ ಅಳಿಯೂದು ತಾಸು ಗಳಿಗಿ ಹಿಂದಿನದಲ್ಲ, ಈಗಿನ ರಕ್ತ. ಅದಷ್ಟ ಅದರ ದೊಡ್ಡಸ್ತಿಕಿ.

ಲೈನ್_ಬಜಾರ್_ಪೇಡೆ
ಪೇಡೆ ಅನ್ನೂ ಹೆಸರಿಟ್ಟುಕೊಂಡು ಇಲ್ಲಿ ಬರೂದ ತಪ್ಪು, ಆದ್ರೂ ಹೇಳ್ತೀನಿ. ಮಗನ ರಿಸಲ್ಟ್ ಬಂದಾಗ ಓಣಿ ತುಂಬ ಪೇಡೆ ಹಂಚಿ ಬಂದೆ. ಒಂದೂ ತಿಂದಿಲ್ಲ, ಆಣಿ ಮಾಡತೀನಿ. ಬಂದು ಚುಚ್ಚಿದ್ರ 311! ಹೆಂಡ್ತಿ ಮಾರಿ ನೋಡಬೇಕಿತ್ತು. ಸಬಕಾರ ಹಚ್ಚಿ ಕೈ ತೊಳದು, ಒರಸಿ, ಮತ್ತ ಚುಚ್ಚಿದೆ: 148. ಬೆರಳಿಗೆ ಹತ್ತಿದ ಪೇಡೆ ಪುಡಿ ಅಷ್ಟು ಕೆಲಸ ಮಾಡಿತ್ತು. ಆಕಿ ಇನ್ನೂ ನಂಬಿಲ್ಲ.

ಗಿರ್ಮಿಟ್_ಗಿರಾಕಿ
ನಾನೂ ನಂಬೂದಿಲ್ಲ. ಓಣಿ ತುಂಬ ಹಂಚಿ ಒಂದೂ ತಿನ್ನದ ಧಾರವಾಡದವ ಇನ್ನೂ ಹುಟ್ಟಿಲ್ಲ.

ಲಕ್ಷ್ಮೇಶ್ವರ_ಔಷಧಂಗಡಿ
ಕೈ ತೊಳಿಯೂದು ಭಾಳ ಖರೇ. ಬೆರಳ ತುದಿ ನಡುವ ಬ್ಯಾಡ, ಬದಿಗೆ ಚುಚ್ಚರಿ, ನೋವು ಕಡಿಮಿ. ಪಟ್ಟಿ ಡಬ್ಬಿ ತಗದ ಕೂಡಲೇ ಬಾಯಿ ಮುಚ್ಚರಿ, ತೇವ ಹಿಡದ್ರ ಪಟ್ಟಿ ಕೆಡ್ತಾವ. ಮಳಿಗಾಲದಾಗ ಡಬ್ಬಿ ತಗದಿಟ್ಟು ಮಷಿನ್ನಿಗೆ ಬೈತಾರ ಮಂದಿ.

ನವಲಗುಂದ_ಕರಿಮಣ್ಣು
ಎಲ್ಲಾ ಸರಿ. ರೊಕ್ಕದ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡ್ರಿ. ತಿಂಗಳಿಗೆ 1,200.

ರಾಣೆಬೆನ್ನೂರ_ಸೊಸಿ
ದಿನಕ್ಕ ಎರಡು ಸಲ ಚುಚ್ಚಾಕ ಯಾರು ಹೇಳ್ಯಾರ? ಇನ್ಸುಲಿನ್ ತಗೊಳ್ಳಾವ್ರಿಗೆ ಬೇಕು, ಅದು ಬ್ಯಾರೆ. ನಮ್ಮ ಅತ್ತಿಗೆ ವಾರಕ್ಕ ಎರಡು ಪಟ್ಟಿ, ಅದೂ ಜೋಡಿ: ಊಟದ ಮುಂಚೆ ಒಂದು, ಮೊದಲ ತುತ್ತಿನಿಂದ ಎರಡು ತಾಸಿಗೆ ಒಂದು. ಒಂದು ವಾರ ರೊಟ್ಟಿ ದಿನ, ಒಂದು ವಾರ ಅನ್ನದ ದಿನ. ತಿಂಗಳಿಗೆ ಎಂಟು ಪಟ್ಟಿ, ನಿಮ್ಮ ರೇಟ್ ಹಿಡದ್ರ 160. ನಿಮ್ಮ ಅಡಿಕಿ ತಂಬಾಕಕ್ಕ ಎಷ್ಟು ಆಗ್ತದ ಅಣ್ಣಾರ?

ನವಲಗುಂದ_ಕರಿಮಣ್ಣು
ನಾ ತಂಬಾಕ ತಿನ್ನೂದಿಲ್ಲ ತಂಗಿ. ಅಡಿಕಿ ಬಗ್ಗೆ ಮಾತಾಡೂದು ಬ್ಯಾಡ.

ಬ್ಯಾಡಗಿ_ಘಾಟು
😂

ಸಾಧನಕೇರಿ_ಮಳಿ
ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಾಗ 30 ದಾಟಿದವ್ರಿಗೆ ಸಕ್ರಿ, ಬಿಪಿ ಪುಕ್ಕಟ ನೋಡ್ತಾರ. ನಮ್ಮ ಊರಾಗ ಆಶಾ ಅಕ್ಕಾರು ಮನಿಗೇ ಬಂದು ಕರೀತಾರ. ಹೋಗಾಕ ನಮಗ ಬ್ಯಾಸರ.

ಮುಂಡರಗಿ_ಮಾಸ್ತರ
ರೊಟ್ಟಿ ದಿನ, ಅನ್ನದ ದಿನ ಅಂದ್ರಲ್ಲ ಸೊಸಿಯವ್ರ, ಅಂಕಿ ಹೇಳ್ರಿ. ಜ್ವಾಳದ ರೊಟ್ಟಿ ತಿಂದ್ರ ಸಕ್ರಿ ಏರೂದ ಇಲ್ಲ ಅಂತ ನಮ್ಮ ಸ್ಟಾಫ್ ರೂಮಿನ ನಂಬಿಕಿ.

ರಾಣೆಬೆನ್ನೂರ_ಸೊಸಿ
ಏರತದ ಮಾಸ್ತರ. ಒಂದೂವರಿ ರೊಟ್ಟಿ, ಮುಳಗಾಯಿ ಎಣಗಾಯಿ, ಹೆಸರಕಾಳು, ಮೊಸರು ತಿಂದ ದಿನ ಅತ್ತಿಗೆ 171. ಮೂರು ರೊಟ್ಟಿ ತಿಂದ ದಿನ 223. ಅನ್ನ ಸಾರು ಹೊಟ್ಟಿ ತುಂಬ ಉಂಡ ದಿನ 238. ರೊಟ್ಟಿನೂ ಹಿಟ್ಟನ, ಎಷ್ಟು ಅನ್ನೂದ ಲೆಕ್ಕ. ಇದು ಅವರ ಮೈ, ನಿಮ್ಮದು ಬ್ಯಾರೆ ಇರತದ. ಆದ್ರ ಈ ಲೆಕ್ಕ ಮೂತ್ರದ ಪಟ್ಟಿಲೆ ಎಂದರ ಸಿಗತಿತ್ತೇನು? ಹೆಚ್ಚಂದ್ರ 'ಸ್ವಲ್ಪ ಹಸರು' ಅಂತಿತ್ತು.

ಮುಂಡರಗಿ_ಮಾಸ್ತರ
ಸ್ಟಾಫ್ ರೂಮಿಗೆ ಈ ಸುದ್ದಿ ಒಯ್ಯಾಂವ ನಾನಲ್ಲ.

ಗದಗ_ಹಳೇ_ಲ್ಯಾಬ್
ಕುಂದಗೋಳದವ್ರ, ಶುಕ್ರವಾರ ಹೋದಾಗ ಒಂದು ಮರೀಬ್ಯಾಡ್ರಿ. ಸಕ್ರಿ ಸಲುವಾಗಿ ಮೂತ್ರ ಬ್ಯಾಡ ಅಂದ್ರೂ, ಕಿಡ್ನಿ ಸಲುವಾಗಿ ಮೂತ್ರ ಬೇಕ ಬೇಕು. ಅಲ್ಬ್ಯುಮಿನ್-ಕ್ರಿಯಾಟಿನಿನ್ ಅನುಪಾತ ಅಂತ ಕೇಳ್ರಿ, ಮೂತ್ರದಾಗ ಪ್ರೋಟೀನ್ ಸೋರತದೇನು ಅಂತ ನೋಡೂ ಟೆಸ್ಟು, ವರ್ಷಕ್ಕೊಮ್ಮೆ. 22 ವರ್ಷದ ಸಕ್ರಿ ಅಂದ್ರ ಬಿಡೂ ಹಂಗ ಇಲ್ಲ. ಕಾಲ ಉರಿ ಅಂತೀರಿ, ಪಾದಾನೂ ಬಿಚ್ಚಿ ತೋರಸ್ರಿ, ಕಣ್ಣಿನ ಹಿಂಬದಿ ಪರದೆನೂ. ಮತ್ತ ಅಪ್ಪಾರಿಗೆ 'ನಿಮ್ಮದು ತಪ್ಪು' ಅನಬ್ಯಾಡ್ರಿ. ಪಟ್ಟಿ ಸರಿ ಓದ್ಯಾರ ಅವರು. ಪಟ್ಟಿಗೆ ಕೇಳಿದ ಪ್ರಶ್ನಿ ಬ್ಯಾರೆ ಇತ್ತು.

ಕುಂದಗೋಳದವ · ಶುಕ್ರವಾರ, ರಾತ್ರಿ 9:50
ಹೋಗಿ ಬಂದ್ವಿ. ಡಾಕ್ಟರ್ ಮುಂದ ಅಪ್ಪ ಕಿಸೆದಾಗಿಂದ ಕ್ಯಾಲೆಂಡರಿನ ಹಾಳಿ ನಾಕು ತಗದು ಮೇಜಿನ ಮ್ಯಾಲೆ ಹಾಸಿದ್ರು. ಪಾಪ ಡಾಕ್ಟರ್ ಎಲ್ಲಾ ನೋಡಿದ್ರು, ನಗಲಿಲ್ಲ. ಆಮ್ಯಾಲೆ ಲಕ್ಷ್ಮೇಶ್ವರದ ತಂಗಿ ಹೇಳಿದ್ದನ್ನ ಹೇಳಿದ್ರು, ಕೆರಿ ಇಲ್ಲದ. ಅಪ್ಪಾಗ ತಿಳೀಲಿಲ್ಲ. ನಾನು ನಡುವ ಬಾಯಿ ಹಾಕಿ ಕೋಡಿ ಕಥಿ ಹೇಳಿದೆ. 'ಅದನ್ನ ಮೊದಲ ಹೇಳಬೇಕಿಲ್ಲೇನೋ' ಅಂತ ನನಗ ಬೈದ್ರು.

ಗುಳಗಿ ನಾಳೆ ಮುಂಜಾನೆಯಿಂದ ಮತ್ತ ಚಾಲೂ. ಬಿಟ್ಟ ಐದು ದಿನದ ಮ್ಯಾಲೆ ಇವತ್ತ ಖಾಲಿ ಹೊಟ್ಟಿಗೆ 161 ಇತ್ತು, ಅದು ಅವರ ಕಣ್ಣಿಗೂ ಬಿತ್ತು. ವಾರಕ್ಕ ಜೋಡಿ ಒಂದು ಅಂತ ಡಾಕ್ಟರೂ ಒಪ್ಪಿದ್ರು, ಸೊಸಿಯವ್ರ ಲೆಕ್ಕ ಸರಿ ಅದ.

ಲಕ್ಷ್ಮೇಶ್ವರ_ಔಷಧಂಗಡಿ
ಚಲೋ ಆತು. ಪಟ್ಟಿ ಬಾಟ್ಲಿ ಬಿಸಾಕಿದ್ರೇನು ಅಜ್ಜಾರು?

ಕುಂದಗೋಳದವ
ಎಲ್ಲಿ ತಂಗಿ! ಇನ್ನೂ ಅರವತ್ತು ಪಟ್ಟಿ ಉಳದಾವಂತ. ಬಸ್ಸಿನ್ಯಾಗ ಬರೂ ಮುಂದ ವಿಚಾರ ಮಾಡಿ ಹೊಸಾ ಕಾಯ್ದೆ ತಗದಾರ: 'ನಾಕು ಪ್ಲಸ್ ಬಂತಂದ್ರ ಗುಳಗಿ ಅಸಲಿ, ಬರಲಿಲ್ಲಂದ್ರ ಅಂಗಡಿಯಾಂವ ಖೊಟ್ಟಿ ಕೊಟ್ಟಾನ.' ನಾಳಿನ ಚೌಕದಾಗ ಈಗಲೇ ಪೆನ್ಸಿಲ್ಲಿಲೆ ನಾಕು ಪ್ಲಸ್ ಹಾಕಿ ಇಟ್ಟಾರ.

ಲಕ್ಷ್ಮೇಶ್ವರ_ಔಷಧಂಗಡಿ
ಇಷ್ಟೆಲ್ಲಾ ಹೇಳಿದ ಮ್ಯಾಲೆ ಅಪವಾದ ನಮ್ಮ ಅಂಗಡಿಯವ್ರ ಮ್ಯಾಲೆ ಬಂತಲ್ರಿ 😂

ಗದಗ_ಹಳೇ_ಲ್ಯಾಬ್
ಇರ್ಲಿ ಬಿಡ್ರಿ, ಅರವತ್ತು ಪಟ್ಟಿ ತೀರಿಸ್ಲಿ. ಅಲ್ಬ್ಯುಮಿನ್ ಕೊಟ್ಟು ಬಂದ್ರೇನು?

ಕುಂದಗೋಳದವ
ಕೊಟ್ಟು ಬಂದೀವ್ರಿ. ರಿಪೋರ್ಟ್ ಸೋಮವಾರ.